ಗೇಟಿನಲ್ಲಿ ಒರೆಸಿದ ಮುಖ

ಆ ಹೆಣ್ಣುಮಕ್ಕಳ ಶಾಲೆಯಲ್ಲಿ ಅಡ್ಡಹೆಸರಿಲ್ಲದ ಮೇಷ್ಟರೇ ಇರಲಿಲ್ಲ. ಆಟ ಆಡಿಸುವವರು ಪೀಪಿ ಮೇಷ್ಟ್ರು, ಗಣಿತದವರು ಸೊನ್ನೆ ಸಾರ್. ಎಂಟರಿಂದ ಹತ್ತನೇ ತರಗತಿಯವರೆಗೆ ವಿಜ್ಞಾನ ಹೇಳುತ್ತಿದ್ದಾಕೆಗೆ ಇಸ್ತ್ರಿ ಟೀಚರ್ ಎಂಬ ಹೆಸರು ಬಿದ್ದು ಹದಿನಾರು ವರ್ಷವಾಗಿತ್ತು. ಅದು ಆಕೆಯ ಕಿವಿಗೂ ಬಿದ್ದಿತ್ತು. ಬೇಸರವೇನೂ ಆಗಿರಲಿಲ್ಲ, ಒಳಗೊಳಗೇ ಹಿಗ್ಗಿದ್ದಳು.

ಭಾನುವಾರ ಊಟವಾದ ಮೇಲೆ ಗಂಡ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಆಕೆ ಐದು ದಿನದ ಬಟ್ಟೆಗೆ ಇಸ್ತ್ರಿ ಹಾಕಿ, ಐದು ಹ್ಯಾಂಗರಿಗೆ ಏರಿಸಿ, ಒಂದೊಂದರ ಕೊರಳಿಗೂ ಒಪ್ಪುವ ಸ್ಕಾರ್ಫು ಸುತ್ತಿಬಿಡುತ್ತಿದ್ದಳು. ಎಲ್ಲವೂ ಹತ್ತಿಯವೇ. ಸೀಮೆಸುಣ್ಣದ ಪುಡಿ ಬಿದ್ದರೆ ಕೊಡವಿದರೆ ಹೋಗಬೇಕು, ಅದು ಆಕೆಯ ಮೊದಲ ನಿಯಮ. ಆರು ಪೀರಿಯಡ್ಡು ನಿಂತರೂ ಹಿಮ್ಮಡಿ ನೋಯದ ಚಪ್ಪಟೆ ತಳದ ಬೂಟು ಎರಡನೆಯದು. ಬಲಗೈಯ ಬೆರಳತುದಿ ಸುಣ್ಣಕ್ಕೆ ಒಡೆದು ಉರಿಯುತ್ತಿದ್ದುದರಿಂದ ಕೈಗೆ ಹಚ್ಚುವ ಕ್ರೀಮು ಚೀಲದಲ್ಲಿ ಇದ್ದೇ ಇರಬೇಕು. ಕಣ್ಣಿಗೆ ಎಳೆದೂ ಎಳೆಯದ ಹಾಗೆ ಕಾಡಿಗೆ. ತುಟಿಗೆ ಬಾಡಿದ ಗುಲಾಬಿಯ ಬಣ್ಣ. ಹಿಂದಿನ ಬೆಂಚಿನವರೆಗೆ ಹೋಗದ, ಆದರೆ ನೋಟ್‌ಬುಕ್ಕು ತಂದು ಪಕ್ಕದಲ್ಲಿ ನಿಂತವಳಿಗೆ ಮಾತ್ರ ಗೊತ್ತಾಗುವಷ್ಟು ಅತ್ತರು.

ಇವೆಲ್ಲಕ್ಕೂ ಮೊದಲು ಮುಖಕ್ಕೆ ಒಂದು ಕ್ರೀಮು ಇತ್ತು. ಅದರ ವಿಷಯ ಆಕೆ ಯಾರ ಹತ್ತಿರವೂ ಆಡುತ್ತಿರಲಿಲ್ಲ. ಹರೆಯದಲ್ಲಿ ಎದ್ದ ಮೊಡವೆಗಳು ಕೆನ್ನೆ ತುಂಬ ಗುಳಿ, ಕಪ್ಪು ಕಲೆ ಬಿಟ್ಟುಹೋಗಿದ್ದವು. ಚರ್ಮದ್ದೇ ಬಣ್ಣದ ಆ ಕ್ರೀಮು ಅವನ್ನೆಲ್ಲ ನೆಲ ಸಾರಿಸಿದ ಹಾಗೆ ಒಂದೇ ಸಮ ಮಾಡುತ್ತಿತ್ತು. ಬೆಳಿಗ್ಗೆ ಬಾಗಿಲಿಗೆ ಬಂದ ಹಾಲು ತೆಗೆದುಕೊಳ್ಳಲೂ ಆಕೆ ಅದನ್ನು ಹಚ್ಚದೆ ಹೋದವಳಲ್ಲ. ಬರಿ ಮುಖ ಕಂಡವನು ಗಂಡನೊಬ್ಬನೇ. ಅವನೂ ಕನ್ನಡಕದ ಅಂಗಡಿಯವನು, ದಿನವಿಡೀ ಜನರ ಮುಖವನ್ನೇ ನೋಡುವವನು. "ನನಗೆ ಎರಡು ಮುಖಾನೂ ಒಂದೇ ಕಣೇ" ಎಂದು ಮದುವೆಯಾದ ಹೊಸತರಲ್ಲಿ ಹೇಳಿದ್ದ. ಅದನ್ನು ಹೊಗಳಿಕೆ ಎಂದುಕೊಳ್ಳಬೇಕೋ ಬೇಡವೋ ಆಕೆಗೆ ಇನ್ನೂ ತಿಳಿದಿರಲಿಲ್ಲ.

ಆಕೆಗೆ ನಲವತ್ತನಾಲ್ಕಾದ ವರ್ಷ ಅಕ್ಕನ ಮಗಳು ಕಾಲೇಜಿನ ರಜೆಗೆಂದು ಬಂದು ಹದಿನೈದು ದಿನ ಉಳಿದಳು. ಕೈಯಲ್ಲಿ ಸದಾ ಮೊಬೈಲು. ಶಾಲೆಗೆ ರಜೆಯಿದ್ದರೂ ಚಿಕ್ಕಮ್ಮ ಬೆಳಿಗ್ಗೆ, ಮುಖದ ಕ್ರೀಮು ಹಚ್ಚಿ ಬಾಗಿಲು ತೆರೆದ ಮೇಲೆ, ತಯಾರಾಗುವುದನ್ನು ಮೂರು ದಿನ ಬಾಗಿಲಿಗೆ ಒರಗಿ ನೋಡಿದವಳು ನಾಲ್ಕನೆಯ ದಿನ ಹೇಳಿದಳು.

"ಚಿಕ್ಕಮ್ಮ, ನಿಮ್ಮ ಚೀಲದಲ್ಲಿರೋದನ್ನ ಒಂದೊಂದಾಗಿ ತೆಗೆದು ತೋರಿಸಿ, ಸಾಕು. ಪಾಠ ಮಾಡೋ ಹಾಗೇ ಮಾತಾಡಿ. ನಾನು ವೀಡಿಯೋ ಮಾಡಿ ಹಾಕ್ತೀನಿ. ಜನ ನೋಡ್ತಾರೆ."

"ನನ್ನ ಚೀಲದಲ್ಲಿ ಏನಿದೆ ಅಂತ ನೋಡೋಕೆ, ಜನಕ್ಕೆ ಬೇರೆ ಕೆಲಸ ಇಲ್ವಾ?"

"ಇಲ್ಲ ಚಿಕ್ಕಮ್ಮ. ನಿಜವಾಗ್ಲೂ ಇಲ್ಲ."

ಹಾಗೆ ಶುರುವಾಯಿತು. ಮೊದಲ ವೀಡಿಯೋದಲ್ಲಿ ಬೂಟು, ಎರಡನೆಯದರಲ್ಲಿ ಹ್ಯಾಂಗರುಗಳು, ಮೂರನೆಯದರಲ್ಲಿ ಕೈಗೆ ಹಚ್ಚುವ ಕ್ರೀಮು. ಹುಡುಗಿ ಅದಕ್ಕೆ 'ಟೀಚರಮ್ಮನ ನಿತ್ಯದ ನೆಚ್ಚಿನವು' ಎಂದು ಹೆಸರಿಟ್ಟಳು. ಆಕೆಗೆ ಮಾತಿನ ಕೊರತೆ ಎಂದೂ ಇರಲಿಲ್ಲ. ಸ್ಕಾರ್ಫು ಕಟ್ಟುವುದನ್ನೂ ಆಮ್ಲಜನಕ ತಯಾರಿಸುವುದನ್ನು ಹೇಳಿಕೊಟ್ಟಷ್ಟೇ ಶಿಸ್ತಾಗಿ, ನಡುನಡುವೆ ನಗಿಸುತ್ತ ಹೇಳಿಕೊಟ್ಟಳು. ನೋಡಿದವರ ಸಂಖ್ಯೆ ನೂರಿದ್ದದ್ದು ಸಾವಿರವಾಯಿತು, ಮತ್ತೂ ಏರಿತು. ಬಸ್ಸಿನಲ್ಲಿ ಯಾರೋ ಗುರುತು ಹಿಡಿದು, "ನೀವು ಬೂಟಿನ ಟೀಚರ್ ಅಲ್ವಾ?" ಎಂದು ಸೀಟು ಬಿಟ್ಟುಕೊಟ್ಟರು. ನಾಲ್ಕನೆಯ ವೀಡಿಯೋಗೆ ಕೂರುವ ಹೊತ್ತಿಗೆ ಆಕೆಯ ಹಿಂಜರಿಕೆ ಅರ್ಧ ಕರಗಿತ್ತು. ಮುಖದ ಕ್ರೀಮನ್ನು ಮೊದಲ ಬಾರಿಗೆ ಹೊರಗೆ ತೆಗೆದಳು. ಮುಖ ತೊಳೆದು ತೋರಿಸಲಿಲ್ಲ, ಅಷ್ಟು ಧೈರ್ಯ ಬರಲಿಲ್ಲ. ಮುಂಗೈ ಮೇಲೆ ಪೆನ್ನಿನಿಂದ ಒಂದು ಚುಕ್ಕೆ ಇಟ್ಟು, ಅದರ ಮೇಲೆ ಕ್ರೀಮು ತಟ್ಟಿ ತೋರಿಸಿದಳು.

"ನೋಡಿ, ಎಂಥಾ ಕಲೆ ಇದ್ರೂ ಮುಚ್ಚಿಬಿಡುತ್ತೆ. ಬೆಳಿಗ್ಗೆ ಎರಡು ನಿಮಿಷ. ಆಮೇಲೆ ಯಾರ ಮುಂದೆ ಬೇಕಾದ್ರೂ ತಲೆ ಎತ್ತಿ ನಿಂತ್ಕೊಳಿ."

ಇದನ್ನು ಎಲ್ಲಕ್ಕಿಂತ ಹೆಚ್ಚು ಜನ ನೋಡಿದರು.

ಶಾಲೆ ಮತ್ತೆ ತೆರೆದಾಗ ಅದರ ಫಲ ಕಣ್ಣಿಗೆ ಕಟ್ಟಿತು. ಒಂಬತ್ತನೇ ತರಗತಿಯಲ್ಲಿ ಬಾಡಿದ ಗುಲಾಬಿಯ ತುಟಿಗಳು ಹನ್ನೊಂದು. ಕಾಡಿಗೆ ಕಣ್ಣುಗಳಂತೂ ಎಣಿಕೆಗೇ ಸಿಗಲಿಲ್ಲ. ಆಟದ ಮೈದಾನದಲ್ಲಿ ಬೆವರಿದ ಹುಡುಗಿಯರ ಕೆನ್ನೆಯ ಮೇಲೆ ಕಪ್ಪು ಗೆರೆ ಇಳಿದವು. ಅಪ್ಪಂದಿರು ಇಬ್ಬರು ಬಂದು ದೂರು ಕೊಟ್ಟರು. ಹೆಡ್ ಮೇಡಂ ಸಿಟ್ಟು ಮಾಡುವವರಲ್ಲ. ಇಸ್ತ್ರಿ ಟೀಚರನ್ನು ಕೋಣೆಗೆ ಕರೆದು, ಕುರ್ಚಿ ತೋರಿಸಿ, ತಣ್ಣಗೆ ಹೇಳಿದರು.

"ನಿಮ್ಮ ಮನೇಲಿ ನೀವು ಏನು ಮಾಡ್ತೀರೋ ನನಗೆ ಬೇಡ. ಆದ್ರೆ ಇದು ನಿಮ್ಮಿಂದ ಬಂದಿದ್ದು. ನೀವೇ ಸರಿಮಾಡಿ. ನಾಳೆಯಿಂದ ಬೆಳಿಗ್ಗೆ ಗೇಟಿನ ಡ್ಯೂಟಿ ನಿಮ್ಮದು."

ಪಕ್ಕದ ಬೆಂಚಿನಲ್ಲಿ ಹಾಜರಿ ಪುಸ್ತಕ ಬರೆಯುತ್ತಿದ್ದ ಸೊನ್ನೆ ಸಾರ್ ತಲೆ ಎತ್ತಲಿಲ್ಲ. ಆದರೆ ಅವರ ಮೀಸೆಯ ಕೆಳಗೆ ನಗು ಇದ್ದದ್ದು ಆಕೆಗೆ ಕಂಡಿತು. ಅಷ್ಟು ವರ್ಷ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವಳಲ್ಲ. ಮುಖಕ್ಕೆ ಹೊಡೆದ ಹಾಗಾಯಿತು. ಮನೆಗೆ ಹೋಗುವ ದಾರಿಯಲ್ಲೇ ತೀರ್ಮಾನಿಸಿದಳು. ಮಾಡುವುದಾದರೆ ಸೊನ್ನೆ ಸಾರ್ ಬಾಯಿ ಮುಚ್ಚುವ ಹಾಗೆ ಮಾಡುತ್ತೇನೆ, ಒಬ್ಬಳನ್ನೂ ಬಿಡುವುದಿಲ್ಲ.

ಮರುದಿನದಿಂದ ಎಂಟೂವರೆಗೆ ಗೇಟಿನ ಹತ್ತಿರ ಕುರ್ಚಿಯ ಮೇಲೆ ಒಂದು ಬಕೆಟ್ಟು ನೀರು, ಬಿಳಿ ಬಟ್ಟೆಯ ತುಂಡುಗಳು. ಹುಡುಗಿಯರು ಸಾಲಾಗಿ ಬರಬೇಕು. ತುಟಿಗೆ ಬಣ್ಣ ಇದ್ದವಳು ಅಲ್ಲೇ ಒರೆಸಿಕೊಂಡು ಒಳಗೆ ಹೋಗಬೇಕು. ಮೊದಲೆರಡು ದಿನ ಎಲ್ಲರಿಗೂ ತಮಾಷೆಯಾಗಿತ್ತು. ಹುಡುಗಿಯರೂ ನಕ್ಕರು, ಆಕೆಯೂ ನಕ್ಕಳು. ಮೂರನೆಯ ದಿನ ಬಟ್ಟೆ ಒದ್ದೆ ಮಾಡಿ ಆಕೆಯೇ ಒರೆಸತೊಡಗಿದಳು. ಹುಡುಗಿಯರು ಸುಮ್ಮನೆ ಸವರಿಕೊಂಡು ಕಣ್ಣಿಗೆ ಮಣ್ಣೆರಚುತ್ತಿದ್ದಾರೆ ಎಂದು ಪೀಪಿ ಮೇಷ್ಟ್ರು ಹೇಳಿದ್ದರು.

ಐದನೆಯ ದಿನ ಸಾಲಿನಲ್ಲಿ ಗುಬ್ಬಿ ಬಂದಳು.

ಗುಬ್ಬಿ ಎಂದರೆ ಒಂಬತ್ತನೇ ತರಗತಿಯ ಎಲ್ಲರಿಗಿಂತ ಪುಟ್ಟ ಹುಡುಗಿ. ಮೊದಲ ಬೆಂಚು. ಪೀರಿಯಡ್ಡು ಮುಗಿಯುವ ಮೊದಲೇ ಎದ್ದು ಬೋರ್ಡು ಒರೆಸಲು ನಿಲ್ಲುವವಳು. ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಕೂತಲ್ಲೇ ಕುಪ್ಪಳಿಸುತ್ತಿದ್ದಳು, ಹೆಸರು ಬಂದದ್ದು ಹಾಗೆ. ಟೀಚರಿಗೂ ಅವಳ ಮೇಲೆ ಒಂದು ಹಿಡಿ ಹೆಚ್ಚೇ ಅಕ್ಕರೆ. ಆದರೆ ಆ ವರ್ಷ ಶಾಲೆ ತೆರೆದಾಗಿನಿಂದ ಗುಬ್ಬಿ ಕುಪ್ಪಳಿಸಿರಲಿಲ್ಲ. ಬೋರ್ಡು ಒರೆಸಲೂ ಎದ್ದಿರಲಿಲ್ಲ. ಎರಡನೇ ಬೆಂಚಿಗೆ, ಆಮೇಲೆ ಮೂರನೆಯದಕ್ಕೆ ಸರಿದಿದ್ದಳು. ಟೀಚರ್ ಅದನ್ನು ನೋಡಿದ್ದಳು, ವಯಸ್ಸಿನ ಚೇಷ್ಟೆ ಎಂದುಕೊಂಡು ಬಿಟ್ಟಿದ್ದಳು.

ಈಗ ಹತ್ತಿರದಿಂದ ನೋಡಿದರೆ ಹುಡುಗಿಯ ಮುಖ ಗೊಂಬೆಯ ಮುಖದಂತೆ ಒಂದೇ ಸಮ ಇತ್ತು. ಇಪ್ಪತ್ತೈದು ವರ್ಷ ಅದೇ ಕ್ರೀಮು ಹಚ್ಚಿದ ಕೈಗೆ ಅದು ಗೊತ್ತಾಗದೆ ಇರುತ್ತದೆಯೇ.

"ಮುಖಕ್ಕೇನು ಹಚ್ಚಿದೀಯ?"

"ಏನಿಲ್ಲ ಟೀಚರ್."

"ನನ್ನ ಹತ್ರ ಸುಳ್ಳು ಹೇಳ್ತೀಯಾ?"

ಗುಬ್ಬಿ ಹಿಂದೆ ತಿರುಗಿ ಸಾಲನ್ನು ನೋಡಿದಳು. ದನಿ ಇಳಿಸಿ, "ಟೀಚರ್, ಸ್ಟಾಫ್ ರೂಮಿಗೆ ಬಂದು ತೊಳ್ಕೋತೀನಿ. ಇಲ್ಲಿ ಬೇಡ" ಎಂದಳು.

ಆ ಮಾತಿನಲ್ಲಿ ಒಂದು ಬೇಡಿಕೆ ಇತ್ತು. ಮುಂದೆ ಎಷ್ಟೋ ಸಲ ಇಸ್ತ್ರಿ ಟೀಚರ್ ಆ ಕ್ಷಣಕ್ಕೆ ಹಿಂತಿರುಗಿ, ಅದು ತನ್ನ ಕಿವಿಗೆ ಬಿದ್ದಿತ್ತೇ ಇಲ್ಲವೇ ಎಂದು ತನ್ನನ್ನೇ ಕೇಳಿಕೊಂಡಳು. ಬಿದ್ದಿತ್ತು. ಅದೇ ಆಕೆಯನ್ನು ಕೊನೆಯವರೆಗೆ ಕೊರೆದದ್ದು. ಕೇಳಿಸಿತ್ತು, ಆದರೆ ಅತ್ತ ಗೇಟಿನ ಕಂಬಕ್ಕೆ ಒರಗಿ ಸೊನ್ನೆ ಸಾರ್ ನಿಂತಿದ್ದರು. ತನ್ನ ಮೆಚ್ಚಿನ ಹುಡುಗಿಯನ್ನು ಬಿಟ್ಟಳು ಎಂದು ಮಧ್ಯಾಹ್ನದ ಊಟದ ಹೊತ್ತಿಗೆ ಉಪ್ಪು ಖಾರ ಹಚ್ಚಿ ಹೇಳುತ್ತಾರೆ ಎಂದು ಆಕೆಗೆ ಅನ್ನಿಸಿತು.

"ಎಲ್ರಿಗೂ ಒಂದೇ ನ್ಯಾಯ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಎಡಗೈಯಲ್ಲಿ ಹುಡುಗಿಯ ಗದ್ದ ಹಿಡಿದು, ಒದ್ದೆ ಬಟ್ಟೆಯಿಂದ ಬಲಗೆನ್ನೆಯನ್ನು ಕಣ್ಣಿನ ಕೆಳಗಿನಿಂದ ಗದ್ದದವರೆಗೆ ಒತ್ತಿ ಎಳೆದಳು.

ಬಟ್ಟೆಗೆ ಕ್ರೀಮು ಬಂತು. ಅದರ ಕೆಳಗಿನಿಂದ ಬಿಳಿ ಬಂತು. ತುಟಿಯ ಮೂಲೆಯಿಂದ ಶುರುವಾಗಿ ಗದ್ದದತ್ತ ಹರಡಿದ, ಅಂಗೈ ಅಗಲದ ಬಿಳಿ ಮಚ್ಚೆ. ಕಣ್ಣಿನ ಕೆಳಗೆ ಇನ್ನೊಂದು, ಬೆರಳ ಗುರುತಿನಷ್ಟು. ಆಕೆ ಮೊದಲು ಅದನ್ನೂ ಬಣ್ಣವೆಂದೇ ತಿಳಿದು ಮತ್ತೊಮ್ಮೆ ಒರೆಸಿದಳು. ಹೋಗಲಿಲ್ಲ.

ಎಲ್ಲೋ ಹಿಂದೆ ಯಾರೋ "ಅಯ್ಯೋ, ತೊನ್ನು" ಎಂದು ಪಿಸುಗುಟ್ಟಿದ್ದು ಅಷ್ಟು ದೂರಕ್ಕೂ ಕೇಳಿಸಿತು. ಟೀಚರಿಗೆ ಗದ್ದ ಹಿಡಿದ ಕೈ ತೆಗೆಯುವುದೂ ಹೊಳೆಯಲಿಲ್ಲ.

ಗುಬ್ಬಿ ಅಳಲಿಲ್ಲ. ಟೀಚರ ಮುಖವನ್ನೇ ನೋಡುತ್ತಿದ್ದವಳು, ಪಾಠದಲ್ಲಿ ಅನುಮಾನ ಕೇಳುವಷ್ಟೇ ಮೆಲ್ಲಗೆ ಕೇಳಿದಳು.

"ಈ ಕಡೇನೂ ಒರೆಸ್ಬೇಕಾ ಟೀಚರ್?"

ಹುಡುಗಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಗದ್ದದಿಂದ ಟೀಚರ ಕೈಯನ್ನು ನಿಧಾನ ಬಿಡಿಸಿ, ಚೀಲ ಹೆಗಲಿಗೇರಿಸಿ, ಬಂದ ದಾರಿಯಲ್ಲೇ ಹೊರಟುಹೋದಳು. ಪೀಪಿ ಮೇಷ್ಟ್ರು ಏನು ಮಾಡಲೂ ತೋಚದೆ ಪೀಪಿ ಊದಿದರು. ಸಾಲು ಒಳಗೆ ಹೋಯಿತು. ಉಳಿದವರ ಮುಖ ಅವತ್ತು ಯಾರೂ ನೋಡಲಿಲ್ಲ.

ಆ ದಿನ ಹತ್ತನೇ ತರಗತಿಗೆ ಏನು ಪಾಠ ಮಾಡಿದಳೋ ಆಕೆಗೇ ನೆನಪಿರಲಿಲ್ಲ. ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಹೋಗಿ ಮಾತಾಡ್ಕೊಂಡು ಬಾ" ಎಂದ.

"ಏನಂತ ಹೇಳ್ಲಿ?"

"ತಪ್ಪಾಯ್ತು ಅನ್ನು. ಇನ್ನೇನು ಹೇಳೋಕಾಗುತ್ತೆ?"

ಅಷ್ಟು ಸಣ್ಣ ಮಾತನ್ನು ಹೊತ್ತುಕೊಂಡು ಹೋಗಲು ಆಕೆಗೆ ನಾಲ್ಕು ದಿನ ಬೇಕಾಯಿತು. ಗುಬ್ಬಿ ಆ ನಾಲ್ಕೂ ದಿನ ಶಾಲೆಗೆ ಬರಲಿಲ್ಲ. ಐದನೆಯ ದಿನ ಆಕೆ ಹೆಡ್ ಮೇಡಂ ಕೋಣೆಗೆ ಹೋಗಿ, ಆ ಒಬ್ಬ ಹುಡುಗಿಗೆ ಕ್ರೀಮು ಹಚ್ಚಲು ಅನುಮತಿ ಕೊಡಬೇಕು ಎಂದು ಕೇಳಿ ಬರಹದಲ್ಲಿ ತೆಗೆದುಕೊಂಡಳು. ಆಮೇಲೆ ದೊಡ್ಡ ಅಂಗಡಿಗೆ ಹೋದಳು. ತಾನು ಹಚ್ಚುವುದಕ್ಕಿಂತ ಮೇಲಿನ ದರ್ಜೆಯದು, ನೀರಿಗೂ ಬೆವರಿಗೂ ಹೋಗದ್ದು ಯಾವುದಿದೆ ಎಂದು ಕೇಳಿದಳು. ಮುಂಗೈ ಮೇಲೆ ಆರು ಬಣ್ಣ ಹಚ್ಚಿ ನೋಡಿ, ಹುಡುಗಿಯ ಮೈಬಣ್ಣ ನೆನಪು ಮಾಡಿಕೊಂಡು ಒಂದನ್ನು ಆರಿಸಿದಳು. ಹಾಗೆ ಆರಿಸುತ್ತಿದ್ದಾಗ ಎದೆಯ ಭಾರ ಎಷ್ಟೋ ಇಳಿದಂತಾಯಿತು. ಇದು ಆಕೆಗೆ ಗೊತ್ತಿದ್ದ ಕೆಲಸ.

ಗುಬ್ಬಿಯ ಮನೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಮೂರನೇ ಮಹಡಿ. ತಾಯಿ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ಕೆಲಸದಿಂದ ಆಗಷ್ಟೇ ಬಂದಿದ್ದಳು, ಸಮವಸ್ತ್ರದ ನೀಲಿ ಅಂಗಿ ಇನ್ನೂ ಮೈಮೇಲಿತ್ತು. ಟೀಚರನ್ನು ನೋಡಿ ಬಾಗಿಲಲ್ಲೇ ಒಂದು ಗಳಿಗೆ ನಿಂತಳು. ಆಮೇಲೆ, "ಬನ್ನಿ ಟೀಚರ್, ಒಳಗೆ ಬನ್ನಿ" ಎಂದು ಕುರ್ಚಿಯ ಮೇಲಿದ್ದ ಒಗೆದ ಬಟ್ಟೆ ಎತ್ತಿ ಜಾಗ ಮಾಡಿದಳು. ಬೈಯುತ್ತಾಳೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದವಳಿಗೆ ಈ ಮರ್ಯಾದೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ನನಗೆ ಗೊತ್ತಿರಲಿಲ್ಲ" ಎಂದಳು ಟೀಚರ್.

"ಯಾರಿಗೂ ಹೇಳಿರಲಿಲ್ಲ. ರಜೆ ಶುರುವಾದಾಗ ಒಂದು ಸಣ್ಣ ಚುಕ್ಕೆ ಬಂತು. ನೋಡ್ತಾ ನೋಡ್ತಾ ದೊಡ್ಡದಾಯ್ತು. ಡಾಕ್ಟ್ರು ಏನೂ ಅಪಾಯ ಇಲ್ಲ, ಅಂಟೋ ರೋಗ ಅಲ್ಲ ಅಂದ್ರು. ಆದ್ರೆ ಈ ವಯಸ್ಸಿಗೆ ಅದನ್ನೆಲ್ಲ ಹೇಗೆ ಹೇಳೋದು? ಕನ್ನಡೀನ ತಿರುಗಿಸಿ ಇಟ್ಬಿಟ್ಟಿದ್ಲು. ಆಗ ನಿಮ್ಮ ವೀಡಿಯೋ ಬಂತು. ತೋರಿಸಿದ್ದು ನಾನೇ. ನೋಡು, ನಿಮ್ಮ ಟೀಚರೇ ಹೇಳ್ತಿದಾರೆ, ತಲೆ ಎತ್ತಿ ನಿಂತ್ಕೋಬಹುದಂತೆ ಅಂದೆ."

ಟೀಚರ್ ತಲೆ ಬಾಗಿಸಿದಳು. "ತಪ್ಪಾಯ್ತು, ನನ್ನಿಂದ ದೊಡ್ಡ ತಪ್ಪಾಯ್ತು" ಎಂದು ಎರಡು ಸಲ ಹೇಳಿದಳು. ಹೇಳಿದ್ದು ತಾಯಿಗೆ. ತಾಯಿ ಒಳಕೋಣೆಯ ಬಾಗಿಲು ತಟ್ಟಿ ಮಗಳನ್ನು ಕರೆದಳು.

ಗುಬ್ಬಿ ಬಂದು ಬಾಗಿಲ ಹತ್ತಿರ ನಿಂತಳು. ಮುಖಕ್ಕೆ ಏನೂ ಹಚ್ಚಿರಲಿಲ್ಲ. ಬಲಗೆನ್ನೆಯ ಮೇಲೆ ಕೂದಲು ಇಳಿಬಿಟ್ಟಿದ್ದಳು. ಟೀಚರ್ ನಾಲ್ಕು ದಿನದಿಂದ ಕಲಿತು ಬಂದಿದ್ದ ಮಾತು ಅಲ್ಲೇ ನಾಲಿಗೆಯ ತುದಿಯಲ್ಲಿತ್ತು. ಆದರೆ ಹದಿನಾಲ್ಕು ವರ್ಷದ ಹುಡುಗಿಯ ಮುಂದೆ, ಅದೂ ತನ್ನ ವಿದ್ಯಾರ್ಥಿನಿಯ ಮುಂದೆ ಅದು ಹೊರಗೆ ಬರಲೇ ಇಲ್ಲ. ಬದಲಿಗೆ ಕೈ ಚೀಲಕ್ಕೆ ಹೋಯಿತು. ಹೊಸ ಕ್ರೀಮಿನ ಡಬ್ಬಿ ಹೊರಗೆ ಬಂತು.

"ನೋಡು ಪುಟ್ಟಿ, ಇದು ಇನ್ನೂ ಚೆನ್ನಾಗಿ ಕೂರುತ್ತೆ. ನೀರು ಬಿದ್ರೂ ಹೋಗಲ್ಲ. ಹೆಡ್ ಮೇಡಂ ಹತ್ರ ನಾನೇ ಮಾತಾಡಿದೀನಿ, ನಿನಗೆ ಯಾರೂ ಏನೂ ಅನ್ನಲ್ಲ. ಮೊದಲು ತೆಳ್ಳಗೆ ಹಚ್ಚು, ಒಣಗೋಕೆ ಬಿಡು, ಆಮೇಲೆ ಇನ್ನೊಂದು ಸಲ. ಒಂದು ಚೂರೂ ಕಾಣಲ್ಲ."

ಗುಬ್ಬಿ ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡಳು.

"ಥ್ಯಾಂಕ್ಸ್ ಟೀಚರ್" ಎಂದಳು.

ಟೀಚರ್ ಮೆಟ್ಟಿಲಿಳಿದು ಬೀದಿಗೆ ಬಂದಾಗ ಸಂಜೆಯ ಗಾಳಿ ಹಿತವಾಗಿತ್ತು. ಮನೆಗೆ ಬಂದು, "ಎಲ್ಲ ಸರಿಹೋಯ್ತು ರೀ, ಹುಡುಗಿ ಥ್ಯಾಂಕ್ಸ್ ಅಂದ್ಲು" ಎಂದಳು. ಗಂಡ, "ನೀನು ಏನಂದೆ?" ಎಂದು ಕೇಳಿದ. ಆಕೆ ಕ್ರೀಮಿನ ವಿಷಯ ಹೇಳಿದಳು. ಅವನು ಹೂಂ ಎಂದನೇ ಹೊರತು ಬೇರೇನೂ ಹೇಳಲಿಲ್ಲ.

ಗುಬ್ಬಿ ಮೂರು ತಿಂಗಳು ಶಾಲೆಗೆ ಬಂದಳು. ಮುಖ ಒಂದೇ ಸಮ, ಒಂದು ಚೂರೂ ಕಾಣುತ್ತಿರಲಿಲ್ಲ. ಕೊನೆಯ ಬೆಂಚಿನಲ್ಲಿ ಕೂತು, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು, ಯಾರೊಂದಿಗೂ ಬೆರೆಯದೆ ಹೋಗುತ್ತಿದ್ದಳು. ಅರ್ಧವಾರ್ಷಿಕ ಪರೀಕ್ಷೆಯಾದ ಮೇಲೆ ತಾಯಿ ಬಂದು ವರ್ಗಾವಣೆ ಪತ್ರ ತೆಗೆದುಕೊಂಡು ಹೋದಳು. ಊರಿನ ಇನ್ನೊಂದು ಕಡೆಯ ಶಾಲೆಗಂತೆ. ಇಸ್ತ್ರಿ ಟೀಚರಿಗೆ ಅದು ಗೊತ್ತಾದದ್ದು ಹಾಜರಿ ಪುಸ್ತಕದಲ್ಲಿ ಹೆಸರಿನ ಮೇಲೆ ಎಳೆದ ಕೆಂಪು ಗೆರೆ ನೋಡಿದಾಗ.

ಅಕ್ಕನ ಮಗಳು ಮುಂದಿನ ರಜೆಗೆ ಬಂದಾಗ ಟೀಚರ್ ವೀಡಿಯೋ ಬೇಡ ಎಂದಳು. ಹಳೆಯವನ್ನೂ ತೆಗೆಸಿದಳು.

"ಎಷ್ಟೊಂದು ಜನ ಕಾಯ್ತಿದಾರೆ ಚಿಕ್ಕಮ್ಮ. ಏನಾಯ್ತು ನಿಮಗೆ?"

"ಬೇಜಾರಾಯ್ತು ಕಣೇ. ಒಂದೇ ಚೀಲ ಎಷ್ಟು ಸಲ ತೋರಿಸ್ಲಿ?"

ಬಟ್ಟೆಯ ಶಿಸ್ತು ಬಿಡಲಿಲ್ಲ. ಭಾನುವಾರದ ಇಸ್ತ್ರಿ ತಪ್ಪಲಿಲ್ಲ. ಬೂಟು, ಸ್ಕಾರ್ಫು, ಅತ್ತರು ಎಲ್ಲ ಹಾಗೇ ಇದ್ದವು. ಆದರೆ ಅವನ್ನು ಆರಿಸುವಾಗಿನ ಖುಷಿ ಮೆಲ್ಲಗೆ ಎಲ್ಲೋ ಸೋರಿಹೋಯಿತು. ಪಾಠದ ನಡುವೆ ಯಾವ ಹುಡುಗಿಯಾದರೂ ಬೆಂಚು ಬದಲಾಯಿಸಿದರೆ ಅವತ್ತೇ ಸದ್ದಿಲ್ಲದೆ ಪಕ್ಕಕ್ಕೆ ಕರೆದು, "ಏನಾಯ್ತು, ಹೇಳು" ಎಂದು ಕೇಳುತ್ತಿದ್ದಳು. ಹೆಚ್ಚಿನವರಿಗೆ ಏನೂ ಆಗಿರುತ್ತಿರಲಿಲ್ಲ. ಗೆಳತಿಯ ಜೊತೆ ಜಗಳ, ಕಿಟಕಿಯ ಬಿಸಿಲು, ಅಷ್ಟೇ. ಟೀಚರಿಗೆ ವಯಸ್ಸಾದ ಹಾಗೆ ಅರಳುಮರಳು ಎಂದು ಹುಡುಗಿಯರು ನಗುತ್ತಿದ್ದರು.

ಹನ್ನೊಂದು ವರ್ಷ ಕಳೆದವು. ತಲೆ ಸುತ್ತು ಬರುತ್ತದೆಂದು ಡಾಕ್ಟರು ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಆಕೆ ಪ್ರಯೋಗಾಲಯಕ್ಕೆ ಹೋದಳು. ಟೋಕನ್ ಬಂತು, ಪರದೆಯ ಹಿಂದೆ ಕರೆದರು. ಎತ್ತರದ ಕುರ್ಚಿಯಲ್ಲಿ ಕೂತು ತೋಳು ಚಾಚಿದಳು.

"ಮುಷ್ಟಿ ಬಿಗಿ ಮಾಡಿ" ಎಂದಿತು ಒಂದು ದನಿ.

ಬಿಳಿ ಕೋಟು ಹಾಕಿದ ಪುಟ್ಟ ಹೆಣ್ಣುಮಗಳು ರಬ್ಬರ್ ಪಟ್ಟಿ ಕಟ್ಟಲು ಬಗ್ಗಿದಳು. ಕೈಬೆರಳುಗಳು ಗೆಣ್ಣಿನವರೆಗೆ ಬಿಳಿ. ತುಟಿಯ ಸುತ್ತ, ಗದ್ದ, ಬಲಗೆನ್ನೆ, ಎರಡೂ ಕಣ್ಣಿನ ಸುತ್ತ ಬಿಳಿ. ಉಳಿದದ್ದು ಮೂಲದ ಬಣ್ಣ. ಮುಖಕ್ಕೆ ಏನೂ ಹಚ್ಚಿರಲಿಲ್ಲ. ಕೂದಲನ್ನು ಎತ್ತಿ ಗಂಟು ಹಾಕಿದ್ದಳು.

ಗುಬ್ಬಿ ಎಂದು ಟೀಚರಿಗೆ ಕಂಡ ಕೂಡಲೇ ಗೊತ್ತಾಯಿತು.

"ಇರುವೆ ಕಚ್ಚಿದ ಹಾಗಾಗುತ್ತೆ, ಅಷ್ಟೇ" ಎಂದು ಸೂಜಿ ಚುಚ್ಚಿ, ನಳಿಕೆ ತುಂಬುವುದನ್ನು ನೋಡುತ್ತ ಆ ಹೆಣ್ಣುಮಗಳು ಅದೇ ದನಿಯಲ್ಲಿ, "ಚೆನ್ನಾಗಿದೀರಾ ಟೀಚರ್?" ಎಂದಳು.

"ಗುರುತು ಸಿಕ್ತಾ?"

"ಚೀಟಿ ಮೇಲೆ ನಿಮ್ಮ ಹೆಸರಿತ್ತು. ಇಲ್ದಿದ್ರೂ ಸಿಗ್ತಿತ್ತು. ನೀವು ಹಾಗೇ ಇದೀರ."

ಟೀಚರಿಗೆ ಆಗ ತನ್ನ ಮುಖದ ಮೇಲಿನ ಕ್ರೀಮು ಒಂದು ಮುಖವಾಡದಷ್ಟು ದಪ್ಪವಾಗಿದೆ ಅನ್ನಿಸಿತು. "ಈಗ ಹಚ್ಚಲ್ವಾ?" ಎಂದು ಕೇಳಿಬಿಟ್ಟಳು. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಬಿಟ್ಟು ಐದು ವರ್ಷ ಆಯ್ತು. ನೀವು ಕೊಟ್ಟಿದ್ದನ್ನ ಮುಗಿಯೋವರೆಗೂ ಹಚ್ಚಿದೆ. ಆಮೇಲೆ ಇನ್ನೊಂದು, ಮತ್ತೊಂದು. ಆರು ವರ್ಷ. ಮಲಗೋವಾಗ್ಲೂ ಹಚ್ಕೊಂಡು ಮಲಗ್ತಿದ್ದೆ, ಹಾಸ್ಟೆಲ್‌ನಲ್ಲಿ ಯಾರಾದ್ರೂ ನೋಡಿಬಿಟ್ರೆ ಅಂತ." ಸೂಜಿ ತೆಗೆದು ಹತ್ತಿ ಒತ್ತಿದಳು. "ಇದನ್ನ ಐದು ನಿಮಿಷ ಒತ್ತಿ ಹಿಡ್ಕೊಳಿ. ಉಜ್ಜಬೇಡಿ."

ಆಕೆ ಒತ್ತಿ ಹಿಡಿದಳು.

"ನಾನು ಅವತ್ತು ಗೇಟಿನ ಹತ್ರ ಮಾಡಿದ್ದು..."

"ಅದಲ್ಲ ಟೀಚರ್" ಎಂದಳು ಅವಳು, ನಳಿಕೆಯ ಮೇಲೆ ಹೆಸರು ಬರೆಯುತ್ತ. ದನಿಯಲ್ಲಿ ಸಿಟ್ಟಿರಲಿಲ್ಲ. "ಅದು ಹೋಗ್ಲಿ. ನಿಮಗೆ ಗೊತ್ತಿರಲಿಲ್ಲ. ನೀವು ಮನೆಗೆ ಬಂದ್ರಲ್ಲ, ಅವತ್ತು ಅಮ್ಮ ಬಾಗಿಲು ತಟ್ಟಿದಾಗ ನಾನು ಬೇಕಂತಲೇ ಏನೂ ಹಚ್ದೆ ಹೊರಗೆ ಬಂದೆ. ನೀವು ನನ್ನ ಮುಖ ನೋಡಿ, ಇದ್ರಲ್ಲೇನಿದೆ, ಶಾಲೆಗೆ ಬಾ ಅಂತೀರ ಅಂದ್ಕೊಂಡಿದ್ದೆ. ನೀವು ವಿಜ್ಞಾನದ ಟೀಚರು. ನೀವಂದಿದ್ರೆ ಎಲ್ರೂ ನಂಬ್ತಿದ್ರು. ನಾನೂ ನಂಬ್ತಿದ್ದೆ. ನೀವು ಒಂದು ಚೂರೂ ಕಾಣಲ್ಲ ಅಂತ ಹೇಳಿ ಡಬ್ಬಿ ಕೊಟ್ರಿ. ಹಾಗಾದ್ರೆ ಕಾಣಬಾರದ್ದೇ ಇರಬೇಕು ಇದು ಅಂದ್ಕೊಂಡೆ."

ಪರದೆಯ ಆಚೆ ಟೋಕನ್ ನಂಬರು ಕೂಗುವುದು ಕೇಳಿಸುತ್ತಿತ್ತು. ಹನ್ನೊಂದು ವರ್ಷ ಆಕೆ ಒಂದು ತಪ್ಪನ್ನು ಎದೆಯಲ್ಲಿಟ್ಟುಕೊಂಡು ಸವೆದಿದ್ದಳು. ಇನ್ನೊಂದನ್ನು, ಅದಕ್ಕಿಂತ ದೊಡ್ಡದನ್ನು, ತಾನು ಮಾಡಿದ ಉಪಕಾರದ ಲೆಕ್ಕದಲ್ಲಿಟ್ಟು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದಳು. ಗಂಡ ಅವತ್ತು ಹೂಂ ಎಂದು ಸುಮ್ಮನಾದದ್ದೇಕೆ ಎಂಬುದು ಈಗ ಅರ್ಥವಾಯಿತು.

"ತಪ್ಪಾಯ್ತಮ್ಮ" ಎಂದಳು. "ಅವತ್ತೇ ನಿನಗೆ ಹೇಳ್ಬೇಕಾಗಿತ್ತು. ಬಾಯಿ ಬರಲಿಲ್ಲ."

ಅವಳು ಬರೆಯುವುದನ್ನು ನಿಲ್ಲಿಸಿ ಟೀಚರನ್ನು ನೋಡಿದಳು. ಏನೋ ಹೇಳಲಿದ್ದಾಳೆ ಎನ್ನುವಷ್ಟರಲ್ಲಿ ಪರದೆ ಸರಿಸಿ ಮುಂದಿನ ಮುದುಕರೊಬ್ಬರು ಇಣುಕಿದರು. "ಒಂದು ನಿಮಿಷ ಅಜ್ಜಾರೆ, ಕೂತಿರಿ" ಎಂದು ಅವರಿಗೆ ಹೇಳಿ, ಟೀಚರತ್ತ ತಿರುಗಿ, "ಆಯ್ತು ಟೀಚರ್. ತಲೆ ಸುತ್ತಿದ್ರೆ ಹೊರಗೆ ಸ್ವಲ್ಪ ಕೂತು ಹೋಗಿ. ರಿಪೋರ್ಟು ನಾಳೆ ಹನ್ನೊಂದಕ್ಕೆ" ಎಂದಳು.

ಆಕೆ ಹೊರಗಿನ ಬೆಂಚಿನಲ್ಲಿ ತುಂಬ ಹೊತ್ತು ಕೂತಳು.

ರಾತ್ರಿ ಮಲಗುವವರೆಗೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಳು. ಒಮ್ಮೆ ಮನೆಗೆ ಊಟಕ್ಕೆ ಬಾ ಎನ್ನಬೇಕು, ತಾಯಿ ಹೇಗಿದ್ದಾರೆ ಎಂದು ಕೇಳಬೇಕು, ಶಾಲೆಗೆ ಒಂದು ದಿನ ಬಂದು ಹುಡುಗಿಯರ ಜೊತೆ ಮಾತಾಡುತ್ತೀಯಾ ಎಂದು ಕೇಳಬೇಕು. ಮೂರನೆಯದು ಮತ್ತೆ ತನ್ನ ಸಮಾಧಾನಕ್ಕೇ ಅನ್ನಿಸಿ ಅದನ್ನು ಬಿಟ್ಟಳು. ಮರುದಿನ ಹನ್ನೊಂದಕ್ಕೆ ಐದು ನಿಮಿಷ ಮೊದಲೇ ಹೋದಳು. ಕೌಂಟರಿನಲ್ಲಿ ಬೇರೆ ಯಾರೋ ಯುವಕ ಇದ್ದ.

"ನಿನ್ನೆ ಇದ್ದ ಹುಡುಗಿ?"

"ಅವರಿಗೆ ಇವತ್ತಿನಿಂದ ಬೇರೆ ಬ್ರಾಂಚು. ನಿನ್ನೆ ಇಲ್ಲಿ ಕೊನೇ ದಿನ. ಏನಾದ್ರೂ ಹೇಳ್ಬೇಕಿತ್ತಾ?"

ಯಾವ ಬ್ರಾಂಚು ಎಂದು ಕೇಳಲು ಬಾಯಿ ತೆರೆದವಳು ಕೇಳಲಿಲ್ಲ. ಹುಡುಕಿಕೊಂಡು ಹೋಗಿ ಅವಳ ಕೆಲಸದ ನಡುವೆ ನಿಲ್ಲುವ ಹಕ್ಕು ತನಗೆ ಉಳಿದಿಲ್ಲ ಅನ್ನಿಸಿತು.

"ಏನಿಲ್ಲಪ್ಪ" ಎಂದು ಲಕೋಟೆ ತೆಗೆದುಕೊಂಡು, ಒಳಗಿನ ಹಾಳೆಯ ಮೇಲೆ ಕಣ್ಣಾಡಿಸಿ ಹೊರಗೆ ಬಂದಳು.

ಗಂಡ ರಸ್ತೆಯಾಚೆ ನೆರಳಿನಲ್ಲಿ ಕಾಯುತ್ತಿದ್ದ. "ಏನಂತೆ?" ಎಂದ. ಸಕ್ಕರೆ ಸ್ವಲ್ಪ ಹೆಚ್ಚಿದೆಯಂತೆ ಎಂದಳು. "ಅಷ್ಟೇ ತಾನೆ, ಹೆದರಬೇಡ" ಎಂದು ಅವನು ಲಕೋಟೆ ಇಸಿದುಕೊಂಡು ಓದುತ್ತ ಮುಂದೆ ನಡೆದ. ಆಕೆ ಅವನ ಹಿಂದೆ ನಿಧಾನವಾಗಿ ಹೆಜ್ಜೆ ಹಾಕಿದಳು.